ರೊಟ್ಟಿಯ ಮೇಲಿನ ದೂರು

ನಿಷತ ಬೇಟಿ,

ನೀ ಹುಡುಗೂರನ್ನ ಸಾಲಿಗೆ ಬಿಡಾಕ ಹೋದಾಗ ಟೆಂಪೋ ಬಂತು, ಅದಕ್ಕ ಬರದಿಟ್ಟು ಹೊಂಟೇನಿ. ತಾಂಬಾ ಊರಿಗೆ, ನಿಮ್ಮವ್ವನ ಮನಿಗೆ. ಸಂಜಿಗೆ ಬರ್ತೇನಿ.

ಮುಂಜಾನಿ ಡಾಕ್ಟರ್ ಹೇಳಿದ್ಹಂಗ ಇನ್ಸುಲಿನ್ ತಗೊಂಡೇನಿ. ಗಂಜಿ ಒಂದು ಬಟ್ಟಲ ಉಂಡೇನಿ, ಇನ್ನೊಂದು ಡಬ್ಬಿ ಚೀಲದಾಗ ಐತಿ. ಉಂಡ ಮ್ಯಾಲ ಮಲಗಿಲ್ಲ, ಅಂಗಳದಾಗ ಅಡ್ಡಾಡೇನಿ. ನಂಬಿಕಿ ಇರಲಿಲ್ಲಂದ್ರ ಬಾಜೂ ಮನಿ ಶೇವಂತೆವ್ವನ್ನ ಕೇಳು.

ರಾತ್ರಿ ನೀವು ಮೆಂತ್ಯ ಪಲ್ಲೆ ಮಾಡ್ಕೋರಿ. ನನ್ನ ಸಲುವಾಗಿ ಎಲ್ಲಾರೂ ಬ್ಯಾಳಿ ಕಟ್ಟು ಕುಡಿಯೂದು ಬ್ಯಾಡ. ನನ್ನ ಮುಂದ ಮಾತ್ರ ಇಡಬ್ಯಾಡ್ರಿ, ಆಸೆ ಆಗ್ತೈತಿ.

ನಿನ್ನ ರೊಟ್ಟಿ ಹಸೀ ಇರ್ತಾವ, ಹೊಟ್ಟ್ಯಾಗ ಕಲ್ಲಿನಂಗ ಕುಂದರ್ತಾವ ಅಂತ ಆರು ತಿಂಗಳು ಬೈದೆ. ನನ್ನ ವಾಂತಿ ಬಳಿಯೂವಾಗ ಅದರಾಗ ಹಿಂದಿನ ದಿನದ ಪಲ್ಲೆ ಹಂಗ ಇದ್ದದ್ದು ನೋಡಿ ಡಾಕ್ಟರಿಗೆ ಹೇಳಿದಾಕಿ ನೀನ. ಇಪ್ಪತ್ತು ವರ್ಷದ ಸಕ್ಕರಿ ಬ್ಯಾನಿಯಿಂದ ನನ್ನ ಹೊಟ್ಟೀನ ಮೈಗಳ್ಳ ಆಗೇತಿ, ಉಂಡದ್ದು ಲಗೂನ ಮುಂದ ಸಾಗಂಗಿಲ್ಲ ಅಂತ ಅವಾಗ ಗೊತ್ತಾತು. ನೀ ನೋಡದಿದ್ರ ನಾ ಇನ್ನೂ ರೊಟ್ಟಿ ಬೈಕೋಂತ ಸಾಯ್ತಿದ್ದೆ.

ನಿನಗ ಗೊತ್ತಿಲ್ಲದ್ದು ಒಂದು ಐತಿ. ಬಕ್ರೀದಿಗೆ ತಾಂಬಾಕ್ಕ ಹೋದಾಗ, ನಿನ್ನ ತವರಮನಿ ಕಟ್ಟಿ ಮ್ಯಾಲ ಕುಂತು, ನಾಕು ಮಂದಿ ಬೀಗರ ಮುಂದ, "ಮಗಳಿಗೆ ರೊಟ್ಟಿ ಬಡಿಯಾಕ ಕಲಿಸಿಲ್ಲೇನ್ರಿ?" ಅಂತ ನಿಮ್ಮವ್ವಗ ಕೇಳಿದ್ದೆ. ಅವರು ತಲಿ ತಗ್ಗಿಸಿದ್ರು.

ಇದು ಫೋನಿನಾಗ ಮುಗಿಯೂ ಮಾತಲ್ಲ. ಅದ ಕಟ್ಟಿ ಮ್ಯಾಲ ಕುಂತು, ಅದ ನಾಕು ಮಂದಿ ಮುಂದ ಹೇಳಿ ಬರ್ತೇನಿ: ರೊಟ್ಟಿ ಬೆಂದಿದ್ವು, ಕೆಟ್ಟಿದ್ದು ನನ್ನ ಹೊಟ್ಟಿ.

ನಿನ್ನ ಮಾವ,
ನಬಿಸಾಬ