ಭಾವನ ವಾಲ್ವು, ನನ್ನ ಸಂದೇಹ

ಮಾರ್ಚ್ 4, ಬೆಳಿಗ್ಗೆ 10.20

ನಮ್ಮ ರಫ್ತು ಲೈಸೆನ್ಸ್ ಆಫೀಸಿಗೆ ಮತ್ತೆ ಹೊಸ ಪಟ್ಟಿ. ಯಾವ ಸರಕು ಯಾವ ದೇಶಕ್ಕೆ ಹೋದರೆ ಅಣುಬಾಂಬಾದೀತು ಅಂತ ಪೂರೈಕೆ ದೇಶಗಳು ಕೂತು ಬರೆದ ಹಣೆಬರಹ. ಬ್ರಹ್ಮನದಕ್ಕಿಂತ ವಾಸಿ — ತಿದ್ದುಪಡಿ ಇದೆ.

ಹಳೇ ಹಾಳೆ ಕಿತ್ತು ಹೊಸದು ಸೇರಿಸಿದೆ. ಪುಟ 61, ವ್ಯಾಕ್ಯೂಮ್ ವಾಲ್ವು. ಇಷ್ಟು ದಿನ ತಡೆಯಿದ್ದ ಒಂದು ದೇಶಕ್ಕೆ ಇನ್ನು ಕಳಿಸಬಹುದು.

ಏಳು ವರ್ಷದ ಹಿಂದೆ ಭಾವ ತನ್ನ ವರ್ಕ್‌ಶಾಪಲ್ಲಿ ಮಾಡಿ ಕಳಿಸಹೊರಟಿದ್ದು ಇದನ್ನೇ, ಅಲ್ಲಿಗೇ. ಆಗ ಪಟ್ಟಿಯಲ್ಲಿ ಇರಲೂ ಇಲ್ಲ. 'ಪಟ್ಟಿಯಲ್ಲಿಲ್ಲದಿದ್ದರೂ ಸಂದೇಹವಿದ್ದರೆ ತಡೆ' — ಹೊಸ ನಿಯಮ. ತಡೆದೆ. ಭಾವನಿಗೆ ಭಾವನೆ ಬೆರೆಸಬಾರದಲ್ಲ! ಅವನ ಹೆಸರು ಕಪ್ಪುಪಟ್ಟಿಗೆ, ವರ್ಕ್‌ಶಾಪಿಗೆ ಬೀಗ. ಮರುವರ್ಷ ವಾಲ್ವೂ ಪಟ್ಟಿಗೆ. ಆಧಾರ: ನನ್ನ ಫೈಲು.

ಮಾರ್ಚ್ 5

"ಆ ದೇಶ ಈಗಲೂ ಅಣ್ವಸ್ತ್ರ ತಡೆ ಒಪ್ಪಂದಕ್ಕೆ ಸಹಿ ಹಾಕಿಲ್ಲವಲ್ಲ ಸಾರ್?" ಅಂದೆ.

ಡೈರೆಕ್ಟರು: "ಈಗ ಪಟ್ಟಿ ಬರೆದೋರ ಹತ್ರಾನೇ ರಿಯಾಕ್ಟರ್ ಕೊಳ್ತಿದಾರಲ್ರೀ."

ಗಿರಾಕಿ ದೊಡ್ಡವನಾದ, ಪಾಪ ಸಣ್ಣದಾಯಿತು. ಅದೇ ವಾಲ್ವು ಕಳಿಸೋಕೆ ದೊಡ್ಡ ಕಂಪನಿಯೊಂದಕ್ಕೆ ಇವತ್ತೇ ಲೈಸೆನ್ಸ್. ಡ್ರಾಯಿಂಗ್ ನೋಡಿದೆ... ಭಾವನ ಕೈಯದೇ ಗೆರೆ. ಅವನ ವರ್ಕ್‌ಶಾಪಿನ ಹರಾಜಿನಲ್ಲಿ ಕೊಂಡರಂತೆ. ಸಹಿ ಹಾಕಿದೆ.

ಮಾರ್ಚ್ 19

ಅಕ್ಕ ಆಫೀಸಿಗೇ ಬಂದಳು. ಏಳು ವರ್ಷದಲ್ಲಿ ಮೊದಲ ಮಾತು.

"ಡ್ರಾಯಿಂಗ್ ಕೊಂಡ ಕಂಪನಿಯವ್ರು ನಿನ್ನ ಭಾವಂಗೆ ಕೆಲ್ಸ ಕೊಡ್ತಾರಂತೆ. ಕಪ್ಪುಪಟ್ಟಿಯಿಂದ ಹೆಸರು ಹೋಗ್ಬೇಕಂತೆ. ಏನ್ ಮಾಡೋದೋ?"

"ಅರ್ಜಿ ಹಾಕ್ಬೇಕಕ್ಕ. ಜೊತೆಗೆ, ವರ್ಕ್‌ಶಾಪ್ ಈಗ್ಲೂ ನಡೀತಿದೆ ಅಂತ ಸರ್ಟಿಫಿಕೇಟು."

"ಮುಚ್ಚಿಸ್ದೋನು ಯಾರೋ?"

ಅರ್ಜಿ ಫಾರಂ ಅವಳ ಮುಂದೆ ಸರಿಸಿದೆ.

"ಬೇರೆ ದಾರಿ?"

ಇದೆ. ಸಂದೇಹ ತಪ್ಪಾಗಿತ್ತು ಅಂತ ತಡೆದ ಅಧಿಕಾರಿಯೇ ಬರೆದುಕೊಡಬೇಕು. ಬರೆದರೆ ವಿಚಾರಣೆ. ನಿವೃತ್ತಿಗೆ ಮೂರು ತಿಂಗಳು — ಪೆನ್ಷನ್ ಗೋತಾ.

"ಇಲ್ಲ" ಅಂದೆ.

ನಕ್ಕಳು. "ಚಿಕ್ಕಂದಿಂದ ನೋಡಿದೀನಿ. ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತೆ ನಿಂಗೆ."

ಏಪ್ರಿಲ್ 2

ಡೈರೆಕ್ಟರು ನನ್ನ ಬೀಳ್ಕೊಡುಗೆಯ ಭಾಷಣ ಈಗಲೇ ಬರೆದಿಟ್ಟಿದ್ದಾರೆ. ಓದಿ ತೋರಿಸಿದರು. "ಸಂದೇಹದ ನಿಯಮ ಮೊದಲು ಜಾರಿಗೆ ತಂದವರು. ಸ್ವಂತ ಭಾವನನ್ನೂ ಬಿಡಲಿಲ್ಲ."

"ಏನಾದ್ರೂ ಸೇರಿಸ್ಬೇಕೇನ್ರೀ?"

"ಸಾಕು ಸಾರ್."

ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿದೆ. ಭಾವ ಎತ್ತಿದ. "ಹಲೋ... ಹಲೋ? ಯಾರ್ರೀ?" ಹೆಸರು ಹೇಳದೆ ಇಟ್ಟುಬಿಟ್ಟೆ.

ಏಪ್ರಿಲ್ 3, ಬೆಳಿಗ್ಗೆ 11.05

ತಪ್ಪೊಪ್ಪಿಗೆ ಪತ್ರ ಎರಡು ಪ್ರತಿ ಮಾಡಬೇಕು — ಒಂದು ಆಫೀಸಿಗೆ, ಒಂದು ಅಕ್ಕನಿಗೆ. ಮೊದಲು ಇಲ್ಲಿ ಕರಡು.

'ಸಂದೇಹಕ್ಕೆ ಯಾವ ಆಧಾರವೂ ಇರಲಿಲ್ಲ. ವಾಲ್ವನ್ನು ನಾನು ಕಣ್ಣಲ್ಲೂ ನೋಡಿರಲಿಲ್ಲ. ಹೊಸ ನಿಯಮದಡಿ ತಿಂಗಳೊಳಗೆ ತಡೆದ ಒಂದು ಫೈಲಾದರೂ ತೋರಿಸಬೇಕಿತ್ತು. ಹೊರಗಿನವರಾದರೆ ಕೋರ್ಟಿಗೆ ಹೋಗುತ್ತಿದ್ದರು. ಹೋಗದೇ ಇರುವವನು ಅಂತ ಗೊತ್ತಿದ್ದದ್ದು ನನ್ನ ಭಾವ ಒಬ್ಬನೇ.'