ಓಣಿಗೆ ಬಿದ್ದ ತಲೆವಸ್ತ್ರ

...ಅದೇ ವಿದಾದ್, ನಿನ್ನೆಯ ಕಾಗದದಲ್ಲಿ ಹೇಳಿದೆನಲ್ಲ, ಆ ಗುಂಡಿನ ಕಾಳಗ ಇವತ್ತು ಗಾಜಾದ ನಮ್ಮ ಓಣಿಗೇ ಬಂತು. ಫತಾಹ್ ಕಡೆಯ ನಮ್ಮ ಮಗ ಬಾಸಿಲ್ ಈ ಮಾಳಿಗೆಯ ಮೇಲೆ. ಹಮಾಸ್ ಸೇರಿದ ನಿನ್ನ ತಂಗಿಯ ಮಗ ಮುನೀರ್ ಎದುರು ಮಾಳಿಗೆಯ ಮೇಲೆ. ನಾನು ಬಾಗಿಲ ಹಿಂದೆ ಚಿಲಕ ಹಿಡಿದು ನಿಂತಿದ್ದೆ.

ಗುಂಡು ಹಾರುತ್ತಿದ್ದಂತೆಯೇ ನಿನ್ನ ತಂಗಿ ಸಬೀಹಾ ಓಣಿಯ ನಡುವೆ ಬಂದು, ತಲೆವಸ್ತ್ರ ತೆಗೆದು ನೆಲಕ್ಕೆಸೆದಳು. ಹೆಂಗಸು ಹಾಗೆ ಎಸೆದಳೆಂದರೆ ಜಗಳ ನಿಲ್ಲಬೇಕೆಂಬುದು ನಮ್ಮ ಹಿರಿಯರ ಕಟ್ಟಳೆ. ಈಗಿನವರು ಕೇಳುತ್ತಾರೆಯೇ?

“ಇದನ್ನ ದಾಟಿ ಹೊಡೀರೋ ನೋಡೋಣ! ನಿಮ್ಮಿಬ್ಬರ ಕುಂಡಿ ತೊಳೆದವಳು ನಾನು ಕಣ್ರೋ!”

ಬಂದೂಕುಗಳು ನಿಂತುಬಿಟ್ಟವು, ವಿದಾದ್! ಆ ನಿಶ್ಶಬ್ದಕ್ಕೆ ಕಾಲೇಜಿನ ಇಂಗ್ಲಿಷಿನಲ್ಲೊಂದು ಪದವಿತ್ತು, ನೆನಪಾಗುತ್ತಿಲ್ಲ. ಅವಳ ನರೆತ ಕೂದಲು ಬಿಸಿಲಿಗೆ ಹೊಳೆಯುತ್ತಿತ್ತು. ಹುಡುಗರಿಬ್ಬರೂ ತಲೆ ತಗ್ಗಿಸಿ ಇಳಿದು ಬಂದರು.

ಆಮೇಲೆ ಅವಳು ನಮ್ಮ ಬಾಗಿಲು ತಟ್ಟಿ ಕೇಳಿದಳು: “ಭಾವ, ನೀವು ಮನೇಲೇ ಇದ್ರಾ?”

ನಾನೇನು ಹೇಳಿದೆನೆಂದು ಬರೆಯೋಣವೆಂದರೆ, ಬೆಳಕು ಹೋಗುತ್ತಿದೆ.