ಕಲ್ಮೇಶನ ಕಾಲ್ಗುಣ

ಬೈಲಹೊಂಗಲ
೧೮-೬-೨೦೦೧, ಸೋಮವಾರ

ಚಿರಂಜೀವಿ ಕಲ್ಮೇಶನಿಗೆ,

ನಿನ್ನ ತಾಯಿ ಸಾವಿತ್ರೆವ್ವನ ಮನಸಾರೆ ಆಶೀರ್ವಾದ. ಇಲ್ಲಿ ನಾನೂ ನಿನ್ನ ಅಪ್ಪನೂ ಆರಾಮ ಇದ್ದೇವೆ. ಗೋವಾದ ಆ ಮಳೆಯಲ್ಲಿ ನೀನು, ದಾಕ್ಷಾಯಣಿ, ಕೂಸು ಶಿವಾನಿ ಕೆಮ್ಮು ನೆಗಡಿ ಇಲ್ಲದೆ ಇದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಪತ್ರ ಕಾರಹುಣ್ಣಿಮೆಗಿಂತ ಮೊದಲೇ ಕೈಸೇರಿತ್ತು. ಈಗ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಇಷ್ಟು ತಡ ಮಾಡಿದಳಲ್ಲ ಎಂದು ಸಿಟ್ಟಾಗಬೇಡ. ಮರೆತು ಕುಳಿತಿರಲಿಲ್ಲ, ನೀನು ಕೇಳಿದ ಪ್ರಶ್ನೆಯ ಬೆನ್ನು ಹತ್ತಿ ತಿರುಗುತ್ತಿದ್ದೆ.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀ. ಎಸ್‌ಟಿಡಿ ಬೂತಿನ ಮಡಿವಾಳೆಪ್ಪ ಗಾಜಿನ ಬಾಗಿಲು ಹಾಕಿಕೊಡುತ್ತಾನೆ, ಆದರೆ ಕಿವಿ ಮಾತ್ರ ಒಳಗೇ ಇಟ್ಟಿರುತ್ತಾನೆ. ಕಳೆದ ಸಲ ನಿನ್ನ ಮೊಣಕಾಲು ಬಾತ ಸುದ್ದಿ ಮಾತಾಡಿ ನಾನು ಮನೆ ಮುಟ್ಟುವುದರೊಳಗೆ ಕಿರಾಣಿ ಅಂಗಡಿಯವನು ಅದಕ್ಕೆ ಯಾವ ಎಣ್ಣೆ ತಿಕ್ಕಬೇಕೆಂದು ಹೇಳಿದ. ಆದ್ದರಿಂದ ಪತ್ರವೇ ವಾಸಿ. ಇದರಲ್ಲಿ ಐದು ಹಾಳೆಗಳಿವೆ, ಎಲ್ಲದಕ್ಕೂ ನಂಬರು ಹಾಕಿದ್ದೇನೆ. ಲಕೋಟೆಯ ಅಂಟಿನೊಳಗೆ ಸೇರಿಸಲು ಒಂದು ಕೆಂಪು ದಾರ ತೆಗೆದಿಟ್ಟಿದ್ದೇನೆ. ದಾರ ಹರಿದಿದ್ದರೆ ದಾರಿಯಲ್ಲಿ ಯಾರೋ ಒಡೆದು ಓದಿದ್ದಾರೆ ಎಂದು ತಿಳಿ. ನಿನ್ನ ಅಪ್ಪ ಇದನ್ನು ನೋಡಿ, ಊರ ಮಂದಿಗೆ ಬೇರೆ ಕೆಲಸವಿಲ್ಲವೇ ಎಂದು ನಕ್ಕರು. ಅಡತ ಅಂಗಡಿಯ ದಲ್ಲಾಳಿ ವ್ಯಾಪಾರದಲ್ಲಿ ಮೂವತ್ತು ವರ್ಷ ಕುಳಿತರೂ ಅವರಿಗೆ ಮನುಷ್ಯರ ಮೇಲೆ ಇನ್ನೂ ನಂಬಿಕೆ ಉಳಿದಿದೆ.

ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ. ಗೋವಾದ ಫುಟ್‌ಬಾಲ್ ಕ್ಲಬ್ಬಿನವರು ಈ ವರ್ಷವೂ ನಿನ್ನನ್ನು ಕಲ್ಕತ್ತೆಗೆ, ಅಲ್ಲಿಯ ಬೇರೆ ತಂಡಕ್ಕೆ, ಕಳಿಸುತ್ತೇವೆ ಅಂದಿದ್ದಾರೆ. ಈ ನಡುವೆ ಮುಂಬೈಯ ಒಂದು ಕಾರ್ಖಾನೆಯ ತಂಡದವರು ಕಾಯಂ ನೌಕರಿ, ಇರಲು ಕ್ವಾರ್ಟರ್ಸು, ಕಾಲು ಓಡುವಷ್ಟು ದಿನ ಆಟ, ಆಮೇಲೆ ಅಲ್ಲೇ ಕೆಲಸ ಎಂದು ಪತ್ರ ಕೊಟ್ಟಿದ್ದಾರೆ. ಅದು ಸಣ್ಣ ತಂಡ, ಪೇಪರಿನಲ್ಲಿ ಹೆಸರು ಬರುವುದಿಲ್ಲ. ಈ ತಿಂಗಳ ಕೊನೆಯೊಳಗೆ ಒಂದನ್ನು ಒಪ್ಪಬೇಕು. ಇಷ್ಟೆಲ್ಲ ಬರೆದು ಕೊನೆಗೆ ಕ್ಲಬ್ಬಿನವರ ಬಗ್ಗೆ ಒಂದೇ ಸಾಲು ಕೇಳಿದ್ದೀ: "ಅವ್ವಾ, ಇವರು ನನ್ನ ಯಾಕ ಇಟ್ಕೊಳ್ಳಂಗಿಲ್ಲ?"

ಅಂದೇ ನಾನು ನೀನು ರಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ ಕರಾರು ಕಾಗದಗಳ ಕಟ್ಟು ತೆಗೆದುಕೊಂಡು ನೀಲಕಂಠ ಮಾಸ್ತರರ ಮನೆಗೆ ಹೋದೆ. ನಿನಗೆ ಸಾಲಿಯ ಬಯಲಿನಲ್ಲಿ ಚೆಂಡು ಒದೆಯಲು ಕಲಿಸಿದವರು, ಇಂಗ್ಲಿಷು ಬಲ್ಲವರು. ಅವರ ಹೆಂಡತಿ ರಾಧಾಬಾಯಿ ಚಹಾ ಕೊಟ್ಟರು. ಮಾಸ್ತರರು ಕನ್ನಡಕ ಒರೆಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ಕ್ಲಬ್ಬಿನಲ್ಲಿ ಮುಂದೆ ನಿಂತು ಗೋಲು ಹೊಡೆಯಲು ಪರದೇಶದ ಇಬ್ಬರಿದ್ದಾರೆ. ಅವರಿರುವಾಗ ನಿನಗೆ ಬೆಂಚೇ ಗತಿ. ಅದಕ್ಕೇ ಒಂದು ಹಂಗಾಮಿಗೆ ಬೇರೆ ತಂಡಕ್ಕೆ ಆಡಲು ಕಳಿಸುತ್ತಾರೆ, ಹಂಗಾಮು ಮುಗಿದರೆ ನೀನು ಮತ್ತೆ ಇವರವನೇ. ಇದಕ್ಕೆ ಲೋನು ಎನ್ನುತ್ತಾರಂತೆ. ನಾನು ನಮ್ಮ ಮಾತಿನಲ್ಲಿ ತಿಳಿದುಕೊಂಡೆ: ನೆರೆಮನೆಗೆ ಒನಕೆ ಕಡ ಕೊಟ್ಟ ಹಾಗೆ.

ಮಾಸ್ತರರು ಒಳ್ಳೆಯವರು, ಆದರೂ ನನ್ನ ಸ್ವಭಾವ ನಿನಗೆ ಗೊತ್ತು. ಎಂಟು ದಿನ ಬಿಟ್ಟು ಅವೇ ಕಾಗದಗಳನ್ನು ಮತ್ತೆ ಒಯ್ದು, ಹಿಂದೆ ಹೇಳಿದ್ದು ಮರೆತೆ ಎಂದು ಸುಳ್ಳು ಹೇಳಿ, ಇನ್ನೊಮ್ಮೆ ಓದಿಸಿದೆ. ಅದೇ ಹೇಳಿದರು. ಆಮೇಲೆ ಕಟ್ಟಿನ ಮೇಲಿದ್ದ ಕಾಗದಗಳನ್ನು ಕಾಲೇಜಿನ ಲೆಕ್ಚರರ್ ಒಬ್ಬರಿಂದಲೂ ಓದಿಸಿದೆ. ಅವರೂ ಅದನ್ನೇ ಹೇಳಿದರು. ಇಬ್ಬರೂ ಕೂಡಿಕೊಂಡು ಹೇಳುತ್ತಿರಬಹುದೇ ಎಂದು ಒಂದು ದಿನ ಯೋಚನೆ ಮಾಡಿ ಬಿಟ್ಟೆ.

ಆಗ ನಾನು ನಿನ್ನ ಫೋಟೋಗಳನ್ನು ತೆಗೆದು ಕುಳಿತೆ. ಪೇಪರಿನಿಂದ ಕತ್ತರಿಸಿ ಇಟ್ಟವು ಎಲ್ಲ ನನ್ನ ಸೀರೆಯ ಪೆಟ್ಟಿಗೆಯಲ್ಲಿವೆ. ಕೇರಳದ ತಂಡ ಪಟ್ಟಿಯ ಕಟ್ಟಕಡೆಗಿತ್ತು, ನೀನು ಹೋಗಿ ಒಂಬತ್ತು ಗೋಲು ಹೊಡೆದೆ, ತಂಡ ಉಳಿಯಿತು. ಮರುವರ್ಷ ಅವರು ನಿನ್ನನ್ನು ಕೇಳಲಿಲ್ಲ. ಮುಂಬೈಯ ಒಂದು ಕ್ಲಬ್ಬಿನವರು ನಿನ್ನ ಗೋಲಿನಿಂದ ಮೇಲಿನ ದರ್ಜೆಗೆ ಏರಿದರು, ಏರಿದ ಮೇಲೆ ಯಾರನ್ನೋ ವಿಮಾನದಲ್ಲಿ ಕರೆಸಿಕೊಂಡರು. ಕಲ್ಕತ್ತೆಯದೂ ಅದೇ ಕಥೆ. ಎಲ್ಲ ಫೋಟೋದಲ್ಲೂ ನೀನು ಸಾಲಿನ ತುದಿಗೆ ನಿಂತಿದ್ದೀ. ಅಂಗಿಯ ಬಣ್ಣ ಬೇರೆ ಬೇರೆ, ನಿಂತ ಜಾಗ ಒಂದೇ. ತುದಿಗೆ ನಿಂತವನನ್ನು ಕತ್ತರಿಸಿ ತೆಗೆದರೆ ಫೋಟೋ ಕೆಡುವುದಿಲ್ಲ. ಯಾರು ನಿನ್ನನ್ನು ಅಲ್ಲಿ ನಿಲ್ಲಿಸುತ್ತಾರೆ ಎಂದು ನನಗೆ ಭಾರಿ ಸಂಶಯವಾಯಿತು.

ಒಬ್ಬೊಬ್ಬರ ಮೇಲೂ ಅನುಮಾನಪಟ್ಟೆ, ಮಗಾ. ಕ್ಲಬ್ಬಿನ ಸೆಕ್ರೆಟರಿಯ ಮೇಲೆ, ಕೋಚಿನ ಮೇಲೆ, ನಿನ್ನ ಮೊಣಕಾಲು ನೋಡಿದ ಡಾಕ್ಟರರ ಮೇಲೆ. ಎಲ್ಲಕ್ಕಿಂತ ಹೆಚ್ಚು ಅನುಮಾನ ಬಂದದ್ದು ಆ ಕಾರ್ಖಾನೆಯವರ ಮೇಲೆ. ಇಪ್ಪತ್ತೆಂಟು ವರ್ಷದವನನ್ನು, ಮೊಣಕಾಲು ಬಾಯುವವನನ್ನು, ಕಾಯಂ ಇಟ್ಟುಕೊಳ್ಳುತ್ತೇವೆ ಅಂದರೆ ಅದರಲ್ಲಿ ಏನೋ ಇರಬೇಕು ಎಂದುಕೊಂಡೆ. ಮಾಸ್ತರರಿಗೂ ಅದನ್ನೇ ಕೇಳಿದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಅಲ್ರೀ ಸಾವಿತ್ರೆವ್ವಾರ, ಕಳಸ್ತೇವಿ ಅನ್ನಾವ್ರನ್ನ ನೀವು ಇಷ್ಟ ಸಂಶೇ ಪಡಲಿಲ್ಲ. ಇಟ್ಕೋತೇವಿ ಅನ್ನಾವ್ರನ್ನ ಯಾಕ ಪಡತೀರಿ?" ಅಂದರು. ಚಹಾ ಆರಿಹೋಗಿತ್ತು, ಅದನ್ನೇ ಕುಡಿದೆ.

ಮೂರನೆಯ ಸಲ ಹೋದಾಗ ಮಾಸ್ತರರು ಕಟ್ಟಿನ ಕೆಳಗಿನಿಂದ ಒಂದು ಕಾಗದ ಎಳೆದರು. ಅದನ್ನು ಮೊದಲ ದಿನವೇ ನೋಡಿದ್ದರಂತೆ, ಹೇಳಬೇಕೋ ಬೇಡವೋ ಎಂದು ಸುಮ್ಮನಿದ್ದರಂತೆ. ನೋಡು, ನನ್ನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ಅದು ಹೋದ ವರ್ಷದ್ದು. ಕೆಳಗೆ ನಿನ್ನ ಸಹಿ ಇತ್ತು. ಹಾಳೆಯ ಅಂಚಿನವರೆಗೆ ಬಾಲ ಎಳೆಯುವ ಆ ಸಹಿಯನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಮಾಸ್ತರರು ಮೆಲ್ಲಗೆ ಹೇಳಿದರು: "ಹೋದ ವರ್ಷ ಕ್ಲಬ್ಬಿನಾವ್ರು ಇಟ್ಕೋತೇವಿ ಅಂದಿದ್ರು. ಒಬ್ಬ ಪರದೇಶದಾವ ಬಿಟ್ಟು ಹೋಗಿದ್ದ, ಜಾಗಾ ಖಾಲಿ ಇತ್ತು. ನನ್ನ ಕಲ್ಕತ್ತಾಕ್ಕ ಕಳಸ್ರಿ ಅಂತ ಅರ್ಜಿ ಹಾಕಿದಾವ ನಮ್ಮ ಕಲ್ಮೇಶನ."

ಈ ಕಾಗದವನ್ನು ನೀನು ಮರೆತು ಕಟ್ಟಿನಲ್ಲಿ ಸೇರಿಸಿದೆಯೋ, ಬೇಕೆಂದೇ ಸೇರಿಸಿದೆಯೋ, ಅದು ನಿನಗೇ ಗೊತ್ತು. ಊರೆಲ್ಲ ಕಳ್ಳರನ್ನು ಹುಡುಕಿ ಕೊನೆಗೆ ನನ್ನ ಮಗನ ಸಹಿಯ ಮುಂದೆ ಬಂದು ನಿಂತೆ. ನನಗೆ ಸಿಟ್ಟು ಬಂತು. ಇಟ್ಟುಕೊಳ್ಳುವುದಿಲ್ಲ ಎಂದು ತಾಯಿಗೆ ಬರೆಯುತ್ತೀ, ಇಟ್ಟುಕೊಳ್ಳುತ್ತೇವೆ ಅಂದವರಿಗೆ ಒಲ್ಲೆ ಎನ್ನುತ್ತೀ. ಮನೆಗೆ ಬಂದು ನಿನ್ನ ಅಪ್ಪನಿಗೆ ಹೇಳಿದೆ. ಅವರು, "ಹೊರಗ ಹಾಕೂಕಿಂತ ಮದಲ ತಾನ ಎದ್ದ ಹೊಂಟಾನ, ಬಿಡು" ಅಂದರು.

ಈ ಬೇಸಿಗೆಯಲ್ಲಿ ದಾಕ್ಷಾಯಣಿ ಇಲ್ಲಿಗೆ ಬಂದಾಗ ಒಂದು ಮಾತು ಹೇಳಿದ್ದಳು. ಆಗ ನಾನು ನಕ್ಕಿದ್ದೆ. ಲಗ್ನವಾಗಿ ನಾಲ್ಕು ವರ್ಷವಾದರೂ ನಿನ್ನ ಬಟ್ಟೆಗಳು ಮಂಚದ ಕೆಳಗಿನ ಬ್ಯಾಗಿನಲ್ಲೇ ಇರುತ್ತವಂತೆ. ಅವಳು ತೆಗೆದು ಕಪಾಟಿನಲ್ಲಿ ಇಟ್ಟರೆ ಎರಡು ದಿನದಲ್ಲಿ ಮತ್ತೆ ಬ್ಯಾಗಿಗೆ ಹೋಗಿರುತ್ತವಂತೆ. ಗಂಡನ ಬ್ಯಾಗಿನ ಮೇಲೆ ಹೆಂಡತಿಗೆ ಸಂಶಯ ಬರುವುದು ಸಹಜ, ಅವಳೂ ಬೇರೆ ಏನೋ ಯೋಚಿಸಿ ಅತ್ತಿದ್ದಳು. ಅವಳಿಗೆ ನಾನು, ಆಟಗಾರರು ಹಾಗೆಯೇ, ಬಸ್ಸು ಯಾವಾಗ ಬರುತ್ತದೋ ಎಂದು ಸಜ್ಜಾಗಿರುತ್ತಾರೆ ಅಂದೆ. ಆ ಮಾತು ಆಡುವಾಗಲೇ ನನಗೆ ಒಂದು ತಗಡಿನ ಟ್ರಂಕು ನೆನಪಾಗಿತ್ತು.

ನಿನಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ. ಮಗು ಆಡಿದ ಮನೆಯಲ್ಲಿ ತೊಟ್ಟಿಲು ತೂಗುತ್ತದೆ ಎಂದು ನಮ್ಮವರಲ್ಲಿ ನಂಬಿಕೆ. ಮಕ್ಕಳಾಗದವರು ಬಳಗದ ಮಗುವನ್ನು ಕರೆದುಕೊಂಡು ಹೋಗಿ ಸಾಕುತ್ತಾರೆ. ನಿನಗೆ ಮೂರು ತುಂಬಿದಾಗ ಮುರಗೋಡದ ನಿನ್ನ ಸೀತವ್ವತ್ತೆ ಒಯ್ದಳು, ಎಂಟು ವರ್ಷ ಬರಿದಾಗಿದ್ದ ಮನೆ, ವರ್ಷ ತುಂಬುವುದರೊಳಗೆ ಹೆಣ್ಣು ಹುಟ್ಟಿತು. ನೀನು ತಿರುಗಿ ಬಂದೆ. ಆಮೇಲೆ ನವಿಲುತೀರ್ಥದಲ್ಲಿ ಡ್ಯಾಮಿನ ಕೆಲಸದಲ್ಲಿದ್ದ ಕಾಡಪ್ಪ ಕಾಕಾ ಒಯ್ದ. ಅಲ್ಲಿಯೂ ಗಂಡು ಹುಟ್ಟಿತು, ನೀನು ತಿರುಗಿ ಬಂದೆ. ಹುಡುಗನ ಕಾಲ್ಗುಣ ದೊಡ್ಡದು ಎಂದು ಮಂದಿ ನಿನ್ನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ರಾಮದುರ್ಗದ ನನ್ನ ತಂಗಿ ಕೆಂಪವ್ವನ ಮನೆ. ಅಲ್ಲಿಂದ ಏಳು ತುಂಬಿದಾಗ ಟ್ರಂಕು ಹಿಡಿದು ಬಂದವನು ಒಂದು ವರ್ಷ ಬಟ್ಟೆ ಹೊರಗೆ ತೆಗೆಯಲಿಲ್ಲ. ಸ್ನಾನ ಮಾಡಿ, ಟ್ರಂಕಿನಿಂದ ಅಂಗಿ ತೆಗೆದು ಹಾಕಿಕೊಂಡು, ಒಗೆದದ್ದನ್ನು ಮಡಚಿ ಮತ್ತೆ ಅದರಲ್ಲೇ ಇಡುತ್ತಿದ್ದೆ. ನಾವು, ಎಷ್ಟು ಶಿಸ್ತಿನ ಹುಡುಗ ಎಂದು ಹೊಗಳುತ್ತಿದ್ದೆವು.

ಈಗ ನೀನು ಕೇಳಿದ್ದಕ್ಕೆ ನನ್ನ ಉತ್ತರ. ಕ್ಲಬ್ಬಿನವರು ನಿನ್ನನ್ನು ಯಾಕೆ ಇಟ್ಟುಕೊಳ್ಳುವುದಿಲ್ಲ ಎಂಬುದು ಮಾಸ್ತರರು ಹೇಳಿದ್ದಕ್ಕಿಂತ ಹೆಚ್ಚು ನನಗೆ ತಿಳಿಯದು. ಆದರೆ ನೀನು ಇರಲು ಯಾಕೆ ಒಪ್ಪುವುದಿಲ್ಲ ಎಂಬುದು ತಿಳಿಯಿತು. ಕಾರ್ಖಾನೆಯವರ ಕಾಗದದಲ್ಲಿ ಏನೂ ಮೋಸವಿಲ್ಲ, ಇಬ್ಬರು ಓದಿ ಹೇಳಿದ್ದಾರೆ. ಪೇಪರಿನಲ್ಲಿ ಹೆಸರು ಬರದಿದ್ದರೆ ಬರದಿರಲಿ, ನಾನು ಕತ್ತರಿ ಒಳಗಿಡುತ್ತೇನೆ. ಆ ಕಾರ್ಖಾನೆಯ ಕಾಗದಕ್ಕೆ ಸಹಿ ಮಾಡು. ಕಲ್ಕತ್ತೆಯೇ ಬೇಕೆನಿಸಿದರೆ ಹೋಗು, ಬೇಡ ಎನ್ನುವುದಿಲ್ಲ. ಆದರೆ ಆಟಕ್ಕಾಗಿ ಹೋಗು, ಹೊರಗೆ ಹಾಕುತ್ತಾರೆಂದು ಹೆದರಿ ಹೋಗಬೇಡ.

ದಾಕ್ಷಾಯಣಿಗೆ ಆಶೀರ್ವಾದ ಹೇಳು. ಮೊಣಕಾಲಿಗೆ ಡಾಕ್ಟರರು ಹೇಳಿದ್ದನ್ನೇ ಮಾಡು, ಕಿರಾಣಿ ಅಂಗಡಿಯವನ ಎಣ್ಣೆ ಬೇಡ. ಶಿವಾನಿಗೆ ನನ್ನ ಮುತ್ತು. ನಿಮ್ಮ ಮೂವರನ್ನೂ ಶಿವನು ಒಂದೇ ಸೂರಿನ ಕೆಳಗೆ ಇಡಲಿ, ಇಷ್ಟೇ ನನ್ನ ಬೇಡಿಕೆ.

ಇಂತಿ ನಿನ್ನ ಅವ್ವ,
ಸಾವಿತ್ರೆವ್ವ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ಮೊದಲು ಐದು ಎಂದು ಬರೆದಿದ್ದೆ, ಇದು ಆರನೆಯ ಹಾಳೆ. ಇದನ್ನು ನಿನ್ನ ಅಪ್ಪನಿಗೂ ತೋರಿಸಿಲ್ಲ.

ಹೋದ ವಾರ ರಾಮದುರ್ಗಕ್ಕೆ ಹೋಗಿದ್ದೆ. ಕೆಂಪವ್ವ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಾಳೆ. ಅವಳ ತಲೆ ಬಾಚುತ್ತ ಕುಳಿತಾಗ ನಿನ್ನ ಸಹಿಯ ವಿಷಯ ಹೇಳಿದೆ. ಅವಳು ಬೆನ್ನು ತಿರುಗಿಸಿಕೊಂಡೇ ಹೇಳಿದಳು. ನೀನು ಅವಳನ್ನು ಅವ್ವಾ ಎಂದು ಕರೆಯುತ್ತಿದ್ದೆಯಂತೆ. ಅವಳ ಮಗ ಗೌರೀಶ ಹುಟ್ಟಿದ ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೆ, ಅವ್ವ ಬೇಡ, ಇನ್ನು ಮುಂದೆ ಚಿಗವ್ವ ಅನ್ನು ಎಂದು ಹೇಳಿದಳಂತೆ. ನೀನು ಅಳಲಿಲ್ಲವಂತೆ. ಟ್ರಂಕು ತಂದು ಬಾಗಿಲ ಬಳಿ ಇಟ್ಟು, ನಿನ್ನ ಪಾದ ನೋಡಿಕೊಂಡು ಕೇಳಿದೆಯಂತೆ: "ನನ್ನ ಕಾಲಿನ ಕೆಲಸಾ ಮುಗೀತೇನು?"

ಅವಳ ಹೆರಳನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ನಿನ್ನನ್ನು ಕಳಿಸಿದ್ದು ನನ್ನ ಅತ್ತೆ, ನಿನ್ನ ಅಜ್ಜಿ ಎಂದು ನಾನು ಇಷ್ಟು ದಿನ ಹೇಳುತ್ತ ಬಂದೆ. ಮುರಗೋಡಕ್ಕೆ, ನವಿಲುತೀರ್ಥಕ್ಕೆ ಅಜ್ಜಿ ಕಳಿಸಿದ್ದು ಖರೆ. ರಾಮದುರ್ಗಕ್ಕೆ ಕಳಿಸಿದವಳು ನಾನು. ಕೆಂಪವ್ವ ಕೇಳಿರಲಿಲ್ಲ. ನನ್ನ ಮಗನ ಕಾಲ್ಗುಣ ನೋಡ್ರಿ ಎಂದು ತವರಿನಲ್ಲಿ ದೊಡ್ಡಸ್ತಿಕೆ ತೋರಿಸಲು ನಾನೇ ಕರೆದುಕೊಂಡು ಹೋಗಿ ಬಿಟ್ಟೆ. ಎಂಟು ದಿನದಲ್ಲಿ ಬರುತ್ತೇನೆ ಎಂದು ನಿನಗೆ ಹೇಳಿ ಹದಿನಾಲ್ಕು ತಿಂಗಳು ಬರಲಿಲ್ಲ. ಪತ್ರ ತಡವಾಯಿತೆಂದು ಮೊದಲ ಹಾಳೆಯಲ್ಲಿ ಸಿಟ್ಟಾಗಬೇಡ ಎಂದಿದ್ದೇನೆ, ಇದಕ್ಕೆ ಮಾತ್ರ ಸಿಟ್ಟಾಗು.

ಆ ದಿನ ನಿನಗೆ ಯಾರೂ ಉತ್ತರ ಕೊಡಲಿಲ್ಲವಂತೆ. ಈಗ ನಾನು ಕೊಡುತ್ತೇನೆ. ನಿನ್ನ ಕಾಲಿಗೆ ನಮ್ಮ ಮನೆಯಲ್ಲಿ ಯಾವ ಕೆಲಸವೂ ಇರಲಿಲ್ಲ, ತಮ್ಮಾ. ಸುಮ್ಮನೆ ಇರಬೇಕಿತ್ತು ನೀನು. ಈ ಪತ್ರ ಓದಿ ಮುಗಿದ ಕೂಡಲೇ ಬಟ್ಟೆಗಳನ್ನು ಕಪಾಟಿನಲ್ಲಿಡು. ಆ ಖಾಲಿ ಬ್ಯಾಗನ್ನು ನನಗೆ ಪಾರ್ಸಲ್ ಮಾಡು. ಇಲ್ಲಿ ಅಟ್ಟದ ಮೇಲೆ ನಿನ್ನ ಆ ಟ್ರಂಕಿನ ಪಕ್ಕದಲ್ಲಿ ಇಡುತ್ತೇನೆ, ಕೇಳಿದರೂ ತಿರುಗಿ ಕೊಡುವುದಿಲ್ಲ.